ಬೇರಾದ ಹಿಂಡುಗಳು ಮತ್ತೆ ಕೂಡಿದಾಗ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುರಿ ಮಂದೆಗೆ ಹೊಸ ಟಗರು ತರುವವರ ಪ್ರಶ್ನೆಯೇ ಬೇರೆ, ಮೈದೇನಹಳ್ಳಿಯ ಕೃಷ್ಣಮೃಗ ನೋಡಿಕೊಂಡು ಬಂದವರ ಪ್ರಶ್ನೆಯೇ ಬೇರೆ ಅಂತ ಅನ್ನಿಸುತ್ತದೆ. ಆದರೆ ಎರಡರ ಹಿಂದೆಯೂ ಇರುವ ಲೆಕ್ಕ ಒಂದೇ. ಎಷ್ಟು ಕಾಲ ಬೇರೆ ಇದ್ದವು, ಎಷ್ಟು ಗಂಡುಗಳು ಲೆಕ್ಕಕ್ಕೆ ಬಂದವು, ಎರಡನೇ ತಲೆಮಾರು ಹೇಗೆ ಹುಟ್ಟಿತು ಎನ್ನುವುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಸಾಕುಪ್ರಾಣಿಯನ್ನೂ ಕಾಡುಪ್ರಾಣಿಯನ್ನೂ ಇಲ್ಲಿ ಒಟ್ಟಿಗೆ ಇಟ್ಟಿರುವುದು ಅದಕ್ಕೇ.

ಪ್ರಶ್ನೆ: ಒಂದೇ ಜಾತಿಯ ಪ್ರಾಣಿಗಳು ಬೇರೆ ಬೇರೆ ಆಗುವುದಾದರೂ ಹೇಗೆ?

ನಡುವೆ ಏನಾದರೂ ಅಡ್ಡ ಬಂದು, ಈ ಕಡೆಯವು ಆ ಕಡೆಯವುಗಳ ಜೊತೆ ಸೇರಿ ಮರಿ ಹಾಕುವುದು ನಿಂತರೆ ಸಾಕು. ಅಡ್ಡ ಬರುವುದು ನದಿ, ಬೆಟ್ಟ, ಮರುಭೂಮಿ, ಹಿಮಯುಗದ ಹಿಮ ಯಾವುದೂ ಆಗಬಹುದು. ನಮ್ಮ ಕಡೆ ಈಗ ಅದು ನಾಲ್ಕು ಪಥದ ಹೆದ್ದಾರಿ, ಲೇಔಟು, ಕಲ್ಲುಗಣಿ, ಸೋಲಾರ್ ಪಾರ್ಕಿನ ಬೇಲಿ. ಪಾವಗಡದ ಸೋಲಾರ್ ಪಾರ್ಕ್ ಒಂದೇ ಸುಮಾರು 13,000 ಎಕರೆ. ನೆಲದ ಮೇಲೆ ಓಡಾಡುವ ಪ್ರಾಣಿಗೆ ಅಷ್ಟು ದೊಡ್ಡ ಜಾಗಕ್ಕೆ ಹಾಕಿದ ಬೇಲಿಯೂ ಒಂದು ಬೆಟ್ಟದಷ್ಟೇ ಅಡ್ಡ.

ಬೇರಾದ ಮೇಲೆ ಎರಡು ಬಗೆಯ ಬದಲಾವಣೆ ನಡೆಯುತ್ತದೆ. ಒಂದು, ಆಯಾ ಜಾಗದ ಬಿಸಿಲು, ಮೇವು, ರೋಗಕ್ಕೆ ತಕ್ಕಂತೆ ಮೈ ಒಗ್ಗಿಕೊಳ್ಳುವುದು. ಇನ್ನೊಂದು ಬರೀ ಅದೃಷ್ಟದ್ದು. ಸಣ್ಣ ಹಿಂಡಿನಲ್ಲಿ ಕೆಲವು ಜೀನ್‌ಗಳು ಯಾವ ಕಾರಣವೂ ಇಲ್ಲದೆ ಕಳೆದುಹೋಗುತ್ತವೆ. ಈ ನಷ್ಟಕ್ಕೆ ಸೂತ್ರವಿದೆ: ಪ್ರತಿ ತಲೆಮಾರಿನಲ್ಲಿ ಹಿಂಡಿನ ಜೀನ್ ವೈವಿಧ್ಯದಲ್ಲಿ 1/(2×ಸಂ) ಭಾಗ ಹೋಗುತ್ತದೆ. ಇಲ್ಲಿ 'ಸಂ' ಎಂದರೆ ಮರಿ ಹಾಕುವಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವ ಪ್ರಾಣಿಗಳ ಸಂಖ್ಯೆ, ಒಟ್ಟು ತಲೆ ಎಣಿಕೆಯಲ್ಲ. ಅಂಥವು 25 ಇದ್ದರೆ ತಲೆಮಾರಿಗೆ ಶೇ. 2ರಷ್ಟು ನಷ್ಟ, ಹತ್ತು ತಲೆಮಾರಿಗೆ ಶೇ. 18ರ ಹತ್ತಿರ.

ಪ್ರಶ್ನೆ: ಮತ್ತೆ ಎದುರಾದಾಗ ಒಂದಾಗಿಯೇ ಬಿಡುತ್ತವೆಯೇ?

ಯಾವಾಗಲೂ ಇಲ್ಲ. ಕೆಲವು ಸಲ ಪೂರ್ತಿ ಬೆರೆತುಹೋಗುತ್ತವೆ. ಕೆಲವು ಸಲ ಎರಡೂ ತಮ್ಮ ತಮ್ಮ ಜಾಗದಲ್ಲೇ ಇದ್ದು, ಗಡಿಯಲ್ಲಿ ಮಾತ್ರ ಒಂದು ಕಿರಿದಾದ ಬೆರಕೆ ಪಟ್ಟಿ ಉಳಿಯುತ್ತದೆ. ಇನ್ನು ಕೆಲವು ಸಲ ಒಂದೆರಡು ಜೀನ್‌ಗಳಷ್ಟೇ ಆ ಕಡೆಯಿಂದ ಈ ಕಡೆಗೆ ದಾಟಿ, ಉಳಿದದ್ದೆಲ್ಲ ಹಾಗೇ ಇರುತ್ತದೆ. ಸೇರಿದರೂ ಮರಿ ಉಳಿಯದೆ ದೂರವೇ ಆಗುವುದೂ ಉಂಟು.

ಪೂರ್ತಿ ಬೆರೆತದ್ದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ರೇವನ್ ಎಂಬ ದೊಡ್ಡ ಕಾಗೆ. ಕ್ಯಾಲಿಫೋರ್ನಿಯಾದ ಗುಂಪೂ ಉತ್ತರದ ದೊಡ್ಡ ಗುಂಪೂ ಹತ್ತು ಲಕ್ಷ ವರ್ಷಕ್ಕೂ ಹಿಂದೆ ಬೇರಾಗಿದ್ದವು. ಆಮೇಲೆ ಮತ್ತೆ ಎದುರಾಗಿ, ಈಗ ಎರಡೂ ಸೇರಿ ಒಂದೇ ಹಕ್ಕಿ. 2018ರಲ್ಲಿ ಪ್ರಕಟವಾದ ಜೀನ್ ಅಧ್ಯಯನ ಇದನ್ನು ತೋರಿಸಿತು. ಯೂರೋಪಿನಲ್ಲಿ ಇದರ ತದ್ವಿರುದ್ಧ: ಅಲ್ಲಿನ ಕಪ್ಪು ಕಾಗೆಯೂ ಬೂದು ಮೈಯ ಕಾಗೆಯೂ ಸೇರಿ ಮರಿ ಮಾಡುತ್ತವೆ, ಮರಿ ಬದುಕುತ್ತದೆ, ಆದರೂ ಬೆರಕೆ ಪಟ್ಟಿ ಅಗಲವಾಗುತ್ತಿಲ್ಲ. ಜೋಡಿ ಆರಿಸುವಾಗ ತನ್ನ ಬಣ್ಣದ್ದನ್ನೇ ಆರಿಸುವುದು ಅದಕ್ಕೊಂದು ಕಾರಣ. ಹೀಗಾಗಿ ಬೇರೆ ಇದ್ದ ವರ್ಷಗಳನ್ನು ಎಣಿಸಿದರಷ್ಟೇ ಸಾಲದು. ಜೋಡಿ ಹುಡುಕುವ ಕ್ರಮ ಬದಲಾಗಿದೆಯೇ ಎನ್ನುವುದೂ ಅಷ್ಟೇ ಮುಖ್ಯ.

ಪ್ರಶ್ನೆ: ಎರಡು ಬೇರೆ ಜಾತಿ ಎಂದು ಹೆಸರಿಟ್ಟವೂ ಹೀಗೆ ಒಂದಾಗಬಹುದೇ?

ಆಗಬಹುದು, ಅದೂ ಕಣ್ಣೆದುರೇ. ಕೆನಡಾದ ವ್ಯಾಂಕೂವರ್ ದ್ವೀಪದ ಈನೋಸ್ ಸರೋವರದಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನಿನ ಎರಡು ಬಗೆಗಳಿದ್ದವು. ಒಂದು ತಳದಲ್ಲಿ ಮೇಯುವುದು, ಇನ್ನೊಂದು ಮೇಲಿನ ನೀರಿನಲ್ಲಿ. 1990ರ ಆಸುಪಾಸಿನಲ್ಲಿ ಹೊರಗಿನ ಏಡಿಮೀನು ಸರೋವರಕ್ಕೆ ಬಂತು. ನೀರಿನ ಗಿಡ ಹಾಳಾಯಿತು, ನೀರು ಕದಡಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಎರಡೂ ಬಗೆ ಬೆರೆತು ಒಂದೇ ಕಲಸುಮೇಲೋಗರವಾದವು. ಆಫ್ರಿಕಾದ ವಿಕ್ಟೋರಿಯಾ ಸರೋವರದ ಸಿಕ್ಲಿಡ್ ಮೀನುಗಳಲ್ಲೂ ಇದೇ ಕತೆ. ಹೆಣ್ಣು ಗಂಡಿನ ಬಣ್ಣ ನೋಡಿ ಜೋಡಿ ಆರಿಸುತ್ತದೆ. ನೀರು ರಾಡಿಯಾದರೆ ಬಣ್ಣ ಕಾಣದು, ಯಾರು ಯಾರ ಜೊತೆಗಾದರೂ ಸೇರಿಕೊಳ್ಳುತ್ತಾರೆ.

ಈ ಎರಡೂ ಕಡೆ ಮೀನುಗಳು ಅಡ್ಡ ದಾಟಿ ಬಂದದ್ದಲ್ಲ. ಅವನ್ನು ಬೇರೆಯಾಗಿಟ್ಟಿದ್ದ ಪರಿಸರವೇ ಕುಸಿದದ್ದು. ರೇವನ್‌ಗಳು ಕೂಡಿದ್ದು ಅವುಗಳ ಪಾಡಿಗೆ. ಸರೋವರದ ಮೀನುಗಳು ಕೂಡಿದ್ದರಲ್ಲಿ ನಿಜವಾಗಿಯೂ ನಷ್ಟವಾಗಿದೆ: ಎರಡು ಬಗೆಯ ಬದುಕು ಹೋಗಿ ಒಂದು ಉಳಿಯಿತು.

ಪ್ರಶ್ನೆ: ಸೀಮೆ ಹಸುವಿನ ಮೊದಲ ಕರು ಚೆನ್ನಾಗಿ ಹಾಲು ಕೊಟ್ಟಿತು, ಅದರ ಕರು ಅಷ್ಟು ಕೊಡಲಿಲ್ಲ. ಯಾಕೆ?

ಕೋಲಾರ, ಚಿಕ್ಕಬಳ್ಳಾಪುರದ ಹೈನುಗಾರರು ಹೆಚ್ಚು ಕೇಳುವ ಪ್ರಶ್ನೆ ಇದು. ನಮ್ಮ ಡುಬ್ಬದ ನಾಟಿ ದನವೂ ಯೂರೋಪಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್), ಜೆರ್ಸಿ ತಳಿಗಳೂ ಕೆಲವು ಲಕ್ಷ ವರ್ಷ ಬೇರೆ ಬೇರೆಯಾಗಿದ್ದ ವಂಶಗಳು. ಡೇರಿಗೆ ಹಾಲು ಹಾಕುವ ಪ್ರತಿ ಮಿಶ್ರತಳಿ ಹಸುವಿನ ಮೈಯಲ್ಲೂ ಆ ಎರಡು ವಂಶ ಮತ್ತೆ ಕೂಡಿವೆ.

ನಾಟಿ ಹಸುವಿಗೆ ಎಚ್‌ಎಫ್ ವೀರ್ಯ ಕೊಡಿಸಿದರೆ ಹುಟ್ಟುವ ಕಡಸಿನಲ್ಲಿ ಪ್ರತಿ ಜೀನ್ ಜೋಡಿಯಲ್ಲೂ ಒಂದು ಆ ಕಡೆಯದು, ಒಂದು ಈ ಕಡೆಯದು. ಒಂದರ ದೋಷವನ್ನು ಇನ್ನೊಂದು ಮುಚ್ಚುತ್ತದೆ. ಇದನ್ನು ಸಂಕರ ಚೈತನ್ಯ ಎನ್ನುತ್ತಾರೆ, ಮೊದಲ ತಲೆಮಾರಿನಲ್ಲಿ ಅದು ನೂರಕ್ಕೆ ನೂರು. ಮಿಶ್ರತಳಿ ಹಸುವಿಗೆ ಮಿಶ್ರತಳಿ ಹೋರಿಯನ್ನೇ ಕೊಡಿಸಿದರೆ ಮುಂದಿನ ಕರುವಿನಲ್ಲಿ ಆ ಚೈತನ್ಯ ಅರ್ಧಕ್ಕೆ ಇಳಿಯುತ್ತದೆ. ಮತ್ತೆ ಎಚ್‌ಎಫ್ ಕೊಡಿಸಿದರೂ ಅರ್ಧವೇ. ಕರುವಿನಲ್ಲಿ ಎಚ್‌ಎಫ್ ಪಾಲು ಶೇ. 75 ಆಗುತ್ತದೆ, ಚೈತನ್ಯ ಶೇ. 50. ಮೂರನೇ ಸಲವೂ ಎಚ್‌ಎಫ್ ಆದರೆ ಪಾಲು ಶೇ. 87.5, ಚೈತನ್ಯ ಶೇ. 25. ಹಾಲಿನ ಜೀನ್ ಹೆಚ್ಚುತ್ತಾ ಹೋದಂತೆ ಬಿಸಿಲು ತಡೆಯುವ, ಉಣ್ಣೆ ಹುಳು ಕಚ್ಚಿ ಬರುವ ಥೈಲೇರಿಯಾ ಜ್ವರ ತಡೆಯುವ ಜೀನ್ ಕಡಿಮೆಯಾಗುತ್ತಾ ಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಶೇ. 87ರ ಹಸು ಏದುಸಿರು ಬಿಡುತ್ತಾ ನಿಂತಿರುವಾಗ ಪಕ್ಕದ ಕೊಟ್ಟಿಗೆಯ ಅರ್ಧ ರಕ್ತದ ಹಸು ಮೆಲುಕು ಹಾಕುತ್ತಿರುತ್ತದೆ.

ನೆರಳು, ಫ್ಯಾನು, ದಿನವಿಡೀ ಹಸಿ ಮೇವು ಒದಗಿಸಲಾಗದವರು ಎಚ್‌ಎಫ್ ಪಾಲನ್ನು ಶೇ. 50ರಿಂದ 62.5ರ ಆಸುಪಾಸಿನಲ್ಲಿ ನಿಲ್ಲಿಸುವುದು ಜಾಣತನ. ಅದಕ್ಕೆ ವೀರ್ಯದ ಕಡ್ಡಿಯ ಮೇಲಿನ ಹೋರಿಯ ನಂಬರನ್ನು ಪ್ರತಿ ಸಲ ಬರೆದಿಡಬೇಕು. ಅದೇ ನಂಬರಿನ ಹೋರಿಯನ್ನು ಅದರ ಮಗಳಿಗೆ ಕೊಡಿಸಿದರೆ ಹುಟ್ಟುವ ಕರುವಿನಲ್ಲಿ ಶೇ. 25ರಷ್ಟು ಒಳಸಂತಾನ (ಹತ್ತಿರದ ರಕ್ತಸಂಬಂಧದೊಳಗೇ ಮರಿಯಾಗುವುದು) ಆಗುತ್ತದೆ. ಬೆರಕೆಯಿಂದ ಗಳಿಸಿದ್ದೆಲ್ಲ ಅಲ್ಲೇ ಸೋರಿಹೋಗುತ್ತದೆ. ಬೆದೆಗೆ ಬಂದದ್ದು ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೊಡಿಸುವುದು ರೂಢಿ. ಸೂಜಿ ಹಾಕುವವರು ಬಂದಾಗ ನಂಬರು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ಹಾಗಾದರೆ ಹಳ್ಳಿಕಾರ್, ಅಮೃತಮಹಲ್ ಶುದ್ಧ ತಳಿ ಅಲ್ಲವೇ?

ಶುದ್ಧ ತಳಿ ಎಂದರೆ ಎಂದೂ ಬೆರೆಯದ ತಳಿ ಎಂದುಕೊಂಡರೆ ಯಾವ ತಳಿಯೂ ಶುದ್ಧವಲ್ಲ. ಅಮೃತಮಹಲ್ ಹುಟ್ಟಿದ್ದೇ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನ ಕೂಡಿ. ಹಾಗಲವಾಡಿ ನಮ್ಮ ಗುಬ್ಬಿ ತಾಲ್ಲೂಕಿನದು, ಪಾಳೇಗಾರರು ಆಳಿದ ಊರು. ಮೈಸೂರು ಅರಸರ ಬೆಣ್ಣೆ ಚಾವಡಿ ಎಂಬ ದನದ ಇಲಾಖೆಯ ಮಂದೆಯಲ್ಲಿ ಈ ದನಗಳು ಸೇರಿದವು, ಟಿಪ್ಪು ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಬಂತು. 1860ರಲ್ಲಿ ಖರ್ಚು ಉಳಿಸಲು ಬ್ರಿಟಿಷರ ಆಡಳಿತ ಮಂದೆಯನ್ನೇ ಒಡೆದು ಮಾರಿತು. ಎಳೆಯುವ ದನ ಸಿಗದಂತಾದಾಗ 1866ರಲ್ಲಿ ಮತ್ತೆ ಕಟ್ಟಬೇಕಾಯಿತು.

ಈ ಬೆರಕೆ ಯಾಕೆ ಕೆಡಲಿಲ್ಲ? ಮೂರೂ ಒಂದೇ ಮೈಸೂರು ಸೀಮೆಯ ದನ, ಒಂದೇ ಬಿಸಿಲು, ಒಂದೇ ಹುಲ್ಲು, ಬೇರೆಯಾಗಿ ಬಹಳ ಕಾಲವೂ ಆಗಿರಲಿಲ್ಲ. ಅದರ ಮೇಲೆ ತಲೆಮಾರುಗಟ್ಟಲೆ ಒಂದೇ ಗುರಿಯಿಟ್ಟು ಆರಿಸಿದರು: ವೇಗವಾಗಿ, ದೂರ ಎಳೆಯಬೇಕು. ಬೆರೆಸುವುದು ಒಂದು ದಿನದ ಕೆಲಸ, ಬೆರೆತದ್ದರಲ್ಲಿ ಆರಿಸುವುದು ಹಲವು ತಲೆಮಾರಿನ ಕೆಲಸ. ಈಗ ಬೆರೆಸುವವರು ಬಹಳ, ಆರಿಸುವವರು ಕಡಿಮೆ.

ಪ್ರಶ್ನೆ: ಯಾವುದನ್ನು ಬೆರೆಸಬಹುದು, ಯಾವುದನ್ನು ಬೆರೆಸಬಾರದು?

ಸಂರಕ್ಷಣಾ ವಿಜ್ಞಾನಿಗಳು ನಾಲ್ಕು ಪ್ರಶ್ನೆ ಕೇಳುತ್ತಾರೆ. ಎರಡೂ ಒಂದೇ ಜಾತಿಯೇ? ಕ್ರೋಮೊಸೋಮಿನ (ಜೀನ್‌ಗಳು ಕೂತಿರುವ ಎಳೆಯ) ಸಂಖ್ಯೆ, ರಚನೆ ಒಂದೇ ಇದೆಯೇ? ಕಳೆದ 500 ವರ್ಷದಲ್ಲಿ ಅವುಗಳ ನಡುವೆ ಓಡಾಟ ಇತ್ತೇ? ಎರಡೂ ಒಂದೇ ಬಗೆಯ ವಾತಾವರಣದಲ್ಲಿ ಬದುಕುತ್ತಿವೆಯೇ? ನಾಲ್ಕಕ್ಕೂ ಹೌದು ಎಂದಾದರೆ ಅಪಾಯ ಬಹಳ ಕಡಿಮೆ.

ನಾಲ್ಕನೆಯದನ್ನು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ಯೂರೋಪಿನ ಟಾಟ್ರಾ ಬೆಟ್ಟಗಳ ಐಬೆಕ್ಸ್ ಕಾಡುಮೇಕೆ ಸಾಕ್ಷಿ. ಅಲ್ಲಿ ಅಳಿದಿದ್ದ ಐಬೆಕ್ಸನ್ನು ಆಸ್ಟ್ರಿಯಾದಿಂದ ತಂದು ಬಿಟ್ಟರು, ಹಿಂಡು ಚೆನ್ನಾಗಿ ಬೆಳೆಯಿತು. ಆಮೇಲೆ ಟರ್ಕಿಯಿಂದ ಒಂದು ಬಗೆ, ಸಿನಾಯ್ ಮರುಭೂಮಿಯಿಂದ ಇನ್ನೊಂದು ಬಗೆ ತಂದು ಸೇರಿಸಿದರು. ಬೆರಕೆಯವು ಚಳಿಗಾಲಕ್ಕೆ ಕಾಯದೆ ಅದಕ್ಕೂ ಮೊದಲೇ ಬೆದೆಗೆ ಬಂದವು. ಮರಿ ಹುಟ್ಟಿದ್ದು ಫೆಬ್ರವರಿಯ ಕೊರೆಯುವ ಹಿಮದಲ್ಲಿ. ಮರಿಗಳು ಉಳಿಯಲಿಲ್ಲ, ಹಿಂಡೇ ಇಲ್ಲವಾಯಿತು. ಬೆರಕೆ ಮೇಕೆಗಳ ಮೈಯಲ್ಲಿ ಕಾಣುವಂಥ ದೋಷ ಏನೂ ಇರಲಿಲ್ಲ, ಕೆಟ್ಟದ್ದು ಅವುಗಳ ಕ್ಯಾಲೆಂಡರು.

ಪ್ರಶ್ನೆ: ಬೆರಕೆಯಲ್ಲಿ ಗಂಡು ಮಾತ್ರ ಬರಡಾಗುವುದು ಯಾಕೆ?

ಸಸ್ತನಿಗಳಲ್ಲಿ ಗಂಡಿಗೆ ಒಂದು ಎಕ್ಸ್, ಒಂದು ವೈ ಕ್ರೋಮೊಸೋಮ್. ಹೆಣ್ಣಿಗೆ ಎರಡೂ ಎಕ್ಸ್. ಗಂಡಿನಲ್ಲಿ ಒಂಟಿ ಎಕ್ಸ್‌ನ ದೋಷ ಮುಚ್ಚಲು ಜೊತೆಗೆ ಇನ್ನೊಂದಿಲ್ಲ, ಆದ್ದರಿಂದ ಬೆರಕೆಯ ಪೆಟ್ಟು ಮೊದಲು ಬೀಳುವುದು ಗಂಡಿಗೆ. ಯಾಕ್ ಮತ್ತು ದನದ ಬೆರಕೆಯಲ್ಲಿ ಹೆಣ್ಣು ಗಬ್ಬ ನಿಲ್ಲುತ್ತದೆ, ಗಂಡು ಬರಡು. ಹಕ್ಕಿಗಳಲ್ಲಿ ಲಿಂಗದ ಕ್ರೋಮೊಸೋಮಿನ ವ್ಯವಸ್ಥೆ ತಿರುವುಮುರುವು, ಅಲ್ಲಿ ಪೆಟ್ಟು ಹೆಣ್ಣಿಗೆ.

ಕ್ರೋಮೊಸೋಮ್ ಎಣಿಕೆಯನ್ನೂ ನೋಡಿ. ಕುದುರೆಗೆ 64, ಕತ್ತೆಗೆ 62, ಹೇಸರಗತ್ತೆಗೆ 63, ಅದಕ್ಕೇ ಅದು ಬಂಜೆ. ನಾಟಿ ದನಕ್ಕೂ ಎಚ್‌ಎಫ್‌ಗೂ 60, ಹಾಗಾಗಿ ಎರಡೂ ಸಲೀಸಾಗಿ ಬೆರೆಯುತ್ತವೆ. ಕುರಿಗೆ 54, ಮೇಕೆಗೆ 60. ಒಂದೇ ರೊಪ್ಪದಲ್ಲಿ ಹೋತ ಕುರಿಯನ್ನು ಹಾರಿದರೂ ಭಯಪಡಬೇಕಾಗಿಲ್ಲ, ಮರಿ ಉಳಿಯುವುದು ತೀರಾ ಅಪರೂಪ.

ಪ್ರಶ್ನೆ: ನಮ್ಮ ಮಂದೆಯಲ್ಲಿ 40 ಕುರಿ, ಒಂದು ಟಗರು. ಹೊಸ ಟಗರು ಯಾವಾಗ, ಹೇಗೆ ತರಬೇಕು?

ಮೊದಲು ಲೆಕ್ಕ. ಮೇಲೆ ಹೇಳಿದ 'ಲೆಕ್ಕಕ್ಕೆ ಬರುವ ಸಂಖ್ಯೆ' ಸಿಗಬೇಕಾದರೆ ಗಂಡನ್ನೂ ಹೆಣ್ಣನ್ನೂ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಗಂಡು ಹೆಣ್ಣಿನ ಮೊತ್ತದಿಂದ ಭಾಗಿಸಿ. 40 ಹೆಣ್ಣು, 1 ಟಗರು ಇದ್ದರೆ ಬರುವುದು 3.9. ಅಂದರೆ 41 ತಲೆಯ ಮಂದೆ ಜೀನ್ ಲೆಕ್ಕದಲ್ಲಿ ನಾಲ್ಕು ಪ್ರಾಣಿಯ ಮಂದೆ! ಹೊರಗಿನಿಂದ ಏನೂ ತರದೆ ಮಂದೆಯೊಳಗೇ ಬೆಳೆಸಿದರೆ ತಲೆಮಾರಿಗೆ ಶೇ. 12.8ರಷ್ಟು ಒಳಸಂತಾನ ಏರುತ್ತದೆ. ಟಗರು ಎರಡಾದರೆ ಸಂಖ್ಯೆ 7.6, ಏರಿಕೆ ಶೇ. 6.6. ನಾಲ್ಕಾದರೆ 14.5, ಏರಿಕೆ ಶೇ. 3.4. ಇನ್ನೂ ಹತ್ತು ಹೆಣ್ಣು ಸೇರಿಸಿದರೆ ಈ ಲೆಕ್ಕ ಕದಲುವುದೇ ಇಲ್ಲ, ಒಂದು ಟಗರು ಸೇರಿಸಿದರೆ ದುಪ್ಪಟ್ಟಾಗುತ್ತದೆ.

ಒಳಸಂತಾನ ಹೆಚ್ಚಿದ್ದರ ಗುರುತು: ಹುಟ್ಟುವಾಗ ಮರಿ ಹಗುರ, ಕೆಳದವಡೆ ಗಿಡ್ಡ, ಟಗರು ಮರಿಗೆ ಒಂದೇ ಬೀಜ ಇಳಿದಿರುವುದು, ಕುರಿ ಮತ್ತೆ ಮತ್ತೆ ಬೆದೆಗೆ ಬರುವುದು. ಇವಕ್ಕೆ ಬೇರೆ ಕಾರಣವೂ ಇರಬಹುದು, ಆದರೆ ಎರಡು ಮೂರು ಒಟ್ಟಿಗೆ ಕಂಡರೆ ಟಗರಿನ ಕಡೆ ನೋಡಿ.

ಟಗರು ಬದಲಿಸಬೇಕಾದ್ದು ಅದರ ಹೆಣ್ಣು ಮರಿಗಳು ಬೆದೆಗೆ ಬರುವ ಮೊದಲು. ಕುರಿಯ ಗಬ್ಬ ಐದು ತಿಂಗಳು, ಹೆಣ್ಣು ಮರಿ ಬೆದೆಗೆ ಬರಲು ಒಂದು ವರ್ಷ ಅಥವಾ ಸ್ವಲ್ಪ ಹೆಚ್ಚು. ಹಾಗಾಗಿ ಒಂದೂವರೆಯಿಂದ ಎರಡು ವರ್ಷಕ್ಕೆ ಒಂದು ಬದಲಾವಣೆ. 25–30 ಕುರಿಗೆ ಒಂದು ಟಗರಿನಂತೆ ಲೆಕ್ಕ ಇಟ್ಟುಕೊಳ್ಳಿ.

ತರುವಾಗ ಎರಡು ಹಲ್ಲಿನ ಟಗರು ನೋಡಿ. ಹಿಂದಿನಿಂದ ಕೈ ಹಾಕಿ ಬೀಜ ಹಿಡಿದು ನೋಡಿದರೆ ಎರಡೂ ಒಂದೇ ಗಾತ್ರ, ಗಟ್ಟಿಯಾಗಿ, ಗಂಟಿಲ್ಲದೆ ಇರಬೇಕು. ಬಾಯಿ ಮುಚ್ಚಿದಾಗ ಕೆಳಹಲ್ಲು ಮೇಲಿನ ಒಸಡಿಗೆ ಸರಿಯಾಗಿ ತಾಗಬೇಕು. ಸಂತೆಯಲ್ಲಿ ಕೊಳ್ಳುವುದಕ್ಕಿಂತ ಗೊತ್ತಿರುವ ಮಂದೆಯಿಂದ ಕೊಳ್ಳುವುದು ಒಳ್ಳೆಯದು, ತಾಯಿ ಕುರಿಯನ್ನೂ ನೋಡಬಹುದು. ಪಕ್ಕದ ಊರಿನವರ ಟಗರು ನಿಮ್ಮ ಹಳೆ ಟಗರಿನ ಮಗನೇ ಆಗಿರಬಹುದು, ಕೇಳಿಕೊಳ್ಳಿ. ತಂದದ್ದನ್ನು ನೇರ ಮಂದೆಗೆ ಬಿಡಬೇಡಿ. ಮೂರು ನಾಲ್ಕು ವಾರ ಬೇರೆ ಕಟ್ಟಿ, ಜಂತಿನ ಔಷಧ ಕೊಡಿಸಿ, ಪಿಪಿಆರ್ (ಕುರಿ ಮೇಕೆಗೆ ಬರುವ ಅಂಟುರೋಗ), ಕರುಳುಬೇನೆ ಲಸಿಕೆ ಆಗಿದೆಯೇ ಎಂದು ಪಶುವೈದ್ಯರ ಹತ್ತಿರ ಖಚಿತ ಮಾಡಿಕೊಳ್ಳಿ. ಹೊಸ ರಕ್ತದ ಜೊತೆ ಹೊಸ ರೋಗವೂ ಬರುತ್ತದೆ. ಕೂಡಿಸಲು ಹೋಗಿ ಕೆಟ್ಟ ಮಂದೆಗಳಲ್ಲಿ ಹೆಚ್ಚಿನವು ಕೆಟ್ಟದ್ದು ಜೀನ್‌ನಿಂದಲ್ಲ, ಈ ಮೂರು ವಾರ ಕಾಯದೆ ಇದ್ದದ್ದರಿಂದ.

ಇನ್ನೊಂದು ಮಾತು. ಪಾವಗಡ, ಬಾಗೇಪಲ್ಲಿ, ಗೌರಿಬಿದನೂರಿನ ಗಡಿಯಲ್ಲಿ ಆಂಧ್ರದ ಎತ್ತರದ ನೆಲ್ಲೂರು ಟಗರಿನ ಆಸೆ ಬಹಳ. ಮೊದಲ ಮರಿಗಳು ಕಾಲುದ್ದ, ತೂಕ ಹೆಚ್ಚು. ಮಾಂಸಕ್ಕೆ ಮಾರುವ ಮರಿಗೆ ಅದು ಸರಿ. ಆದರೆ ಕರಿ ಉಣ್ಣೆಯ ದಖನಿ ಕುರಿಗೆ ಇದನ್ನು ಕೊಡಿಸಿ, ಹೆಣ್ಣು ಮರಿಗಳನ್ನು ಮಂದೆಯಲ್ಲೇ ಇಟ್ಟುಕೊಂಡರೆ, ನೆಲ್ಲೂರಿನದು ಕೂದಲ ಕುರಿ, ಎರಡು ಮೂರು ತಲೆಮಾರಿನಲ್ಲಿ ಕಂಬಳಿಗೆ ಬರುವ ಉಣ್ಣೆ ಹೋಗುತ್ತದೆ. ಹೋದ ಮೇಲೆ ಮತ್ತೆ ದಖನಿ ಟಗರು ತಂದು ಹಿಂದಕ್ಕೆ ಬರಲು ಕಡಿಮೆಯೆಂದರೂ ನಾಲ್ಕು ತಲೆಮಾರು ಬೇಕು: ದಖನಿ ಪಾಲು ಅರ್ಧ ಉಳಿದಿದ್ದರೂ ಅದು ಶೇ. 75, 87.5, 93.75, ಆಮೇಲೆ 96.9.

ಪ್ರಶ್ನೆ: ಮೈದೇನಹಳ್ಳಿಯ ಕೃಷ್ಣಮೃಗಗಳು ಬೇರೆ ಕಡೆಯವುಗಳ ಜೊತೆ ಕೂಡುತ್ತವೆಯೇ?

ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ 2007ರಲ್ಲಿ ಘೋಷಣೆಯಾದದ್ದು, ಸುಮಾರು 798 ಎಕರೆ. ಅಂದರೆ ಮೂರು ಚದರ ಕಿಲೋಮೀಟರಿಗೆ ತುಸು ಹೆಚ್ಚು. ರಾಣೆಬೆನ್ನೂರಿನ ಅಭಯಾರಣ್ಯ ಇಲ್ಲಿಂದ ನೇರ ದಾರಿಯಲ್ಲೇ ಇನ್ನೂರು ಕಿಲೋಮೀಟರಿನಷ್ಟು ದೂರ. ನಡುವೆ ಹೊಲ, ಊರು, ಹೆದ್ದಾರಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ದೇಶದ ಹಲವು ಕಡೆಯ ಕೃಷ್ಣಮೃಗಗಳ ಹಿಕ್ಕೆಯಿಂದ ಡಿಎನ್‌ಎ ತೆಗೆದು ನೋಡಿದಾಗ ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಗುಂಪು ಕಂಡವು. ಹೆಣ್ಣುಗಳು ಹುಟ್ಟಿದ ಕಡೆಯೇ ಉಳಿಯುತ್ತವೆ, ಗಂಡುಗಳು ನಿರೀಕ್ಷೆಗಿಂತ ಹೆಚ್ಚು ದೂರ ಹೋಗುತ್ತವೆ ಎನ್ನುವುದೂ ಗೊತ್ತಾಯಿತು. ಊರು ಹೊಲಗಳ ನಡುವೆಯೂ ಜೀನ್ ಓಡಾಟ ನಿಂತಿಲ್ಲ, ಅದನ್ನು ಹೊತ್ತು ಒಯ್ಯುತ್ತಿರುವುದು ಗಂಡು. ಹೊಲದ ಬದುವಿನಲ್ಲಿ ಒಂಟಿಯಾಗಿ ಕಾಣುವ ತಿರುಚುಕೊಂಬಿನ ಗಂಡು ದಾರಿ ತಪ್ಪಿದ್ದೇ ಆಗಿರಬೇಕಿಲ್ಲ.

ಹಾಗಾಗಿ ಉಳಿಸಬೇಕಾದ್ದು 798 ಎಕರೆಯನ್ನು ಮಾತ್ರವಲ್ಲ. ಗೋಮಾಳ, ಬೀಳು, ಕೆರೆಯಂಗಳಗಳ ಸಾಲನ್ನೂ ಉಳಿಸಬೇಕು. ಕೃಷ್ಣಮೃಗ ಬಯಲಿನ ಪ್ರಾಣಿ. ಹುಲ್ಲುಗಾವಲಿನಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರೆ ಅದೂ ಅದಕ್ಕೆ ಬೇಲಿಯೇ. ಹಸಿರು ಹೆಚ್ಚಿಸುತ್ತೇವೆ ಎಂದು ಬಯಲನ್ನು ತೋಪು ಮಾಡುವ ಉತ್ಸಾಹ ಇಲ್ಲಿ ಹಾನಿಯನ್ನೇ ಮಾಡುತ್ತದೆ. ಕಾಡುಪಾಪದ ಕಷ್ಟ ಇದಕ್ಕೆ ಉಲ್ಟಾ: ಅದಕ್ಕೆ ಕೊಂಬೆಗೆ ಕೊಂಬೆ ತಾಗಬೇಕು. ರಸ್ತೆ ಅಗಲ ಮಾಡುವಾಗ ಸಾಲುಮರ ಕಡಿದರೆ ಎರಡೂ ಕಡೆಯವು ಅಲ್ಲಿಗೆ ಬೇರಾದವು.

ಪ್ರಶ್ನೆ: ಎಷ್ಟು ಪ್ರಾಣಿ ದಾಟಿದರೆ ಸಾಕು?

ಹಳೆಯ ನಿಯಮ: ತಲೆಮಾರಿಗೆ ಒಂದು. ಬಂದು ಸುಮ್ಮನೆ ಮೇದು ಹೋಗುವುದಲ್ಲ, ಮರಿ ಮಾಡಬೇಕು. ನಿಜ ಜೀವನದಲ್ಲಿ ಎಲ್ಲವೂ ಮರಿ ಮಾಡುವುದಿಲ್ಲವಾದ್ದರಿಂದ ಒಂದರಿಂದ ಹತ್ತರವರೆಗೆ ಎಂದು ಇಟ್ಟುಕೊಳ್ಳುತ್ತಾರೆ.

ಕೂಡಿಸಿ ಗೆದ್ದದ್ದು ಅಮೆರಿಕದ ಫ್ಲಾರಿಡಾ ಪ್ಯಾಂಥರ್ ಎಂಬ ಪೂಮಾ, ಬೆಕ್ಕಿನ ಕುಲದ ದೊಡ್ಡ ಪ್ರಾಣಿ. 20–30ಕ್ಕೆ ಇಳಿದಿದ್ದವು, ಬಾಲ ಡೊಂಕು, ಹೃದಯದಲ್ಲಿ ತೂತು, ಗಂಡುಗಳಿಗೆ ಬೀಜ ಇಳಿಯದು. 1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣು ತಂದು ಬಿಟ್ಟರು, ಐದು ಮರಿ ಹಾಕಿದವು. ಕೆಲಸ ಮುಗಿದ ಮೇಲೆ ಉಳಿದಿದ್ದ ಟೆಕ್ಸಾಸಿನವನ್ನು 2003ರಲ್ಲಿ ವಾಪಸು ಹಿಡಿದರು, ಸ್ಥಳೀಯ ಗುಣ ಪೂರ್ತಿ ಮುಳುಗದಿರಲಿ ಎಂದು. ಸಂಖ್ಯೆ ನೂರು ದಾಟಿತು.

ಒಂದೇ ಸಲ ಕೂಡಿ ಸೋತದ್ದು ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದ ತೋಳಗಳು. 1997ರಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಒಂದು ಗಂಡು ನಡೆದು ಬಂತು. ಅದರ ಮರಿಗಳು ಎಷ್ಟು ಬಲಿಷ್ಠವಾಗಿದ್ದವೆಂದರೆ ಸ್ವಲ್ಪ ಕಾಲದಲ್ಲಿ ದ್ವೀಪದ ತೋಳವೆಲ್ಲ ಅದರದ್ದೇ ಸಂತಾನ. ಆಮೇಲೆ ಅವು ತಮ್ಮತಮ್ಮೊಳಗೇ ಸೇರಿ, 2016ಕ್ಕೆ ಎರಡೇ ಉಳಿದವು. 2018ರಿಂದ ಹೊಸ ತೋಳಗಳನ್ನು ತಂದು ಬಿಡಬೇಕಾಯಿತು. ಮೊದಲ ತಲೆಮಾರಿನ ಅಬ್ಬರ ನೋಡಿ ಸುಮ್ಮನೆ ಕೂರಬಾರದು ಎನ್ನುವುದು ಸೀಮೆ ಹಸುವಿಗೂ ತೋಳಕ್ಕೂ ಒಂದೇ.

ಪ್ರಶ್ನೆ: ತೋಳ ನಾಯಿ ಜೊತೆ ಸೇರುತ್ತದೆಯಂತೆ, ನಿಜವೇ?

ನಿಜ. ಪುಣೆ ಹತ್ತಿರ ಕಂಡ ವಿಚಿತ್ರ ಬಣ್ಣದ ತೋಳಗಳು ನಾಯಿ ಬೆರಕೆ ಎಂದು 2023ರಲ್ಲಿ ಡಿಎನ್‌ಎಯಿಂದಲೇ ಖಚಿತವಾಯಿತು. ಎರಡಕ್ಕೂ 78 ಕ್ರೋಮೊಸೋಮ್, ಮರಿಗೂ ಮರಿಯಾಗುತ್ತದೆ. ತೋಳ ವಿರಳವಾಗಿ, ಬೀದಿನಾಯಿ ಹೇರಳವಾಗಿದ್ದಾಗ ಜೋಡಿ ಸಿಗದ ತೋಳ ನಾಯಿಯ ಜೊತೆ ಹೋಗುತ್ತದೆ. ಇದನ್ನು ಕೂಡಿಕೆ ಎನ್ನುವುದಕ್ಕಿಂತ ಮುಳುಗುವಿಕೆ ಎನ್ನುವುದೇ ಸರಿ, ಯಾಕೆಂದರೆ ಸಂಖ್ಯೆ ಒಂದು ಕಡೆಯೇ ಇದೆ. ಕೋಳಿ ಅಂಗಡಿಯ ತ್ಯಾಜ್ಯ, ಸತ್ತ ದನ ಊರಾಚೆ ಎಸೆಯದಿರುವುದು, ನಾಯಿಗಳಿಗೆ ಸಂತಾನಹರಣ ಮತ್ತು ರೇಬಿಸ್ ಲಸಿಕೆ ಹಾಕಿಸುವುದು, ಇವೇ ಮದ್ದು.

ಪ್ರಶ್ನೆ: ನಾಟಿ ಕೋಳಿಗೂ ಕಾಡುಕೋಳಿಗೂ ಸಂಬಂಧ ಇದೆಯೇ?

ಇದೆ, ಒಂದು ಜೀನ್‌ನಷ್ಟಾದರೂ. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಚರ್ಮ, ಕಾಲು ಹಳದಿಯಾಗಿಸುವ ಜೀನ್ ಅದರದಲ್ಲ, ನಮ್ಮ ದಕ್ಷಿಣದ ಬೂದು ಕಾಡುಕೋಳಿಯದು ಎಂದು 2008ರಲ್ಲಿ ತಿಳಿಯಿತು. ದೇವರಾಯನದುರ್ಗ, ನಂದಿ ಬೆಟ್ಟದ ಕಡೆ ಕೂಗುವುದು ಇದೇ. ಎರಡು ಜಾತಿ ಬೇರೆಯಾಗೇ ಉಳಿದು, ಒಂದು ಜೀನ್ ಮಾತ್ರ ದಾಟಿಬಂದದ್ದಕ್ಕೆ ಅಂಗಡಿಯಲ್ಲಿ ತೂಗುವ ಹಳದಿ ಕಾಲಿನ ಕೋಳಿಯೇ ಉದಾಹರಣೆ.

ಪ್ರಶ್ನೆ: ಕೆರೆಗೆ ಬಿಡಲು ತಂದ ಮೀನುಮರಿಯಲ್ಲಿ ಕಾಟ್ಲಾವೂ ಅಲ್ಲ ರೋಹುವೂ ಅಲ್ಲದವು ಬಂದಿವೆ.

ಬೆರಕೆ ಇರಬಹುದು. ಕಾಟ್ಲಾ, ರೋಹು, ಮೃಗಾಲ್ ಮೂರಕ್ಕೂ 50 ಕ್ರೋಮೊಸೋಮ್. ಒಂದೇ ತೊಟ್ಟಿಯಲ್ಲಿ ಒಟ್ಟಿಗೆ ಮೊಟ್ಟೆ ಇಡಿಸಿದರೆ ಬೆರೆಯುತ್ತವೆ, ಬೆರಕೆ ಮೀನು ಮತ್ತೆ ಮೊಟ್ಟೆ ಇಡುತ್ತದೆ. ಮರಿ ಮಾಡಲು ಅದನ್ನೇ ಇಟ್ಟುಕೊಂಡರೆ ಮುಂದೆ ಶುದ್ಧ ಬೀಜವೇ ಸಿಗದು. ಕಾಟ್ಲಾಗೆ ತಲೆ ದೊಡ್ಡದು, ಬಾಯಿ ಮೇಲ್ಮುಖ. ರೋಹುವಿನ ಬಾಯಿ ಕೆಳಮುಖ, ತುಟಿಯಲ್ಲಿ ಜಾಲರಿಯಂಥ ಅಂಚು. ಎರಡರ ನಡುವಿನ ಬಾಯಿ ಕಂಡರೆ ಅನುಮಾನ ಪಡಿ. ಹಿಡಿದು ತಿನ್ನಲು ತೊಂದರೆಯಿಲ್ಲ, ತಾಯಿಮೀನಾಗಿ ಮಾತ್ರ ಇಡಬೇಡಿ.

ಪ್ರಶ್ನೆ: ಕೋಲಾರದ ಎಲೆಮೂಗಿನ ಬಾವಲಿಗೆ ಹೊಸ ರಕ್ತ ಎಲ್ಲಿಂದ?

ಎಲ್ಲಿಂದಲೂ ಇಲ್ಲ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಬಾವಲಿ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಉಳಿದಿದೆ. ಕೂಡಲು ಇನ್ನೊಂದು ಹಿಂಡೇ ಇಲ್ಲದಾಗ ಇರುವ ಒಂದೇ ದಾರಿ ಸಂಖ್ಯೆ ಹೆಚ್ಚಲು ಬಿಡುವುದು: ಸುತ್ತ ಕಲ್ಲು ಸಿಡಿಸಬಾರದು, ಗುಹೆಯೊಳಗೆ ಹೊಗೆ ಹಾಕಬಾರದು, ಟಾರ್ಚ್ ಹಿಡಿದು ನೋಡಲು ಹೋಗಲೂಬಾರದು.

ಪ್ರಶ್ನೆ: ಬೆರೆತಿದೆ, ಯಾವಾಗ ಬೆರೆತಿದೆ ಎನ್ನುವುದನ್ನು ಡಿಎನ್‌ಎಯಲ್ಲಿ ಹೇಗೆ ಓದುತ್ತಾರೆ?

ಕೆಂಪು ಬೆನ್ನಿನ ಒಂದು ಇಸ್ಪೀಟ್ ಕಟ್ಟು, ನೀಲಿ ಬೆನ್ನಿನ ಇನ್ನೊಂದು ಕಟ್ಟು ಸೇರಿಸಿ ಒಂದು ಸಲ ಕಲೆಸಿದರೆ ಒಂದೇ ಬಣ್ಣದ ಉದ್ದುದ್ದ ಸಾಲು ಉಳಿದಿರುತ್ತದೆ. ಹತ್ತು ಸಲ ಕಲೆಸಿದರೆ ಸಾಲು ಚೂರುಚೂರು. ಕ್ರೋಮೊಸೋಮೂ ಪ್ರತಿ ತಲೆಮಾರಿನಲ್ಲಿ ಹೀಗೇ ಕಲೆಯುತ್ತದೆ. ತುಂಡಿನ ಸರಾಸರಿ ಉದ್ದವನ್ನು ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ ಹಿಡಿದರೆ, ನೂರನ್ನು ಆ ಉದ್ದದಿಂದ ಭಾಗಿಸಿದಾಗ ಬೆರೆತು ಹೆಚ್ಚುಕಡಿಮೆ ಎಷ್ಟು ತಲೆಮಾರಾಯಿತು ಎಂಬುದು ಸಿಗುತ್ತದೆ.

ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾ ಡಿಎನ್‌ಎ ಒಂದನ್ನೇ ನೋಡಿ ತೀರ್ಪು ಕೊಟ್ಟರೆ ಮೋಸ ಹೋಗುತ್ತೀರಿ. ಚಿಂತಾಮಣಿಯ ಕೊಟ್ಟಿಗೆಯಲ್ಲಿರುವ ಶೇ. 87ರ ಎಚ್‌ಎಫ್ ಹಸುವಿನ ಮೈಟೊಕಾಂಡ್ರಿಯಾ ನೋಡಿದರೆ ಅಪ್ಪಟ ನಾಟಿ ಹಸು ಅನ್ನುತ್ತದೆ, ಯಾಕೆಂದರೆ ಹೊರಗಿನದ್ದೆಲ್ಲ ಬಂದದ್ದು ವೀರ್ಯದ ಕಡ್ಡಿಯಲ್ಲಿ. ತಾಯಿ, ತಂದೆ ಎರಡೂ ಕಡೆಯಿಂದ ಬರುವ ಡಿಎನ್‌ಎಯನ್ನೂ ಓದಬೇಕು.

ಸಾಕುಪ್ರಾಣಿಯ ಮಾದರಿಗೆ ಬಾಲದ 20–30 ಕೂದಲು ಬೇರು ಸಮೇತ ಕಿತ್ತು, ಕಾಗದದ ಲಕೋಟೆಯಲ್ಲಿ ಒಣಗಿದ ಕಡೆ ಇಡಿ. ಕತ್ತರಿಸಿದ ಕೂದಲು ಉಪಯೋಗವಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. ಒಂದು ಮಂದೆಯಿಂದ 20–30 ಪ್ರಾಣಿ, ಅವು ಅಣ್ಣತಮ್ಮಂದಿರಾಗದಂತೆ ನೋಡಿ ಆರಿಸಿ. ಕಾಡುಪ್ರಾಣಿಯ ಹಿಕ್ಕೆಯಾದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಎತ್ತುವಂತಿಲ್ಲ. ಅನುಮತಿ ಇದ್ದವರು ಕೈಗವಸು ಹಾಕಿ, ಹೊಸ ಹಿಕ್ಕೆಯ ಮೇಲ್ಪದರವನ್ನು ಶೇ. 95ಕ್ಕೆ ಕಡಿಮೆಯಿಲ್ಲದ ಎಥನಾಲ್‌ನಲ್ಲಿ ಹಾಕಿ, ಜಾಗದ ಜಿಪಿಎಸ್ ಮತ್ತು ತಾರೀಖು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಪೆನ್ನಿನ ಶಾಯಿಯನ್ನು ಎಥನಾಲ್ ತೊಳೆದುಬಿಡುತ್ತದೆ.

ಪ್ರಶ್ನೆ: ಊರಲ್ಲಿ ಹಿಡಿದ ಚಿರತೆಯನ್ನು ಬೇರೆ ಕಾಡಿಗೆ ಬಿಟ್ಟರೆ ಅದೂ ಕೂಡಿಕೆಯೇ?

ಅಲ್ಲ. ಅಲ್ಲಿ ಆಗಲೇ ಬೇರೆ ಚಿರತೆ ಇರುತ್ತದೆ, ಬಿಟ್ಟದ್ದು ಜಾಗ ಸಿಗದೆ ಅಲೆಯುತ್ತದೆ ಅಥವಾ ವಾಪಸು ಹೊರಡುತ್ತದೆ. ಚಿರತೆ ತಾನಾಗಿಯೇ ದೂರ ಓಡಾಡುವ ಪ್ರಾಣಿ, ಅದಕ್ಕೆ ಲಾರಿ ಬೇಕಿಲ್ಲ.

ಪ್ರಶ್ನೆ: ಹೊಲದಲ್ಲಿ ಕೃಷ್ಣಮೃಗದ ಮರಿ ಒಂಟಿಯಾಗಿ ಸಿಕ್ಕಿದೆ. ಮೈದೇನಹಳ್ಳಿ ಹಿಂಡಿಗೆ ಬಿಡಬಹುದೇ?

ಬೇಡ, ಮುಟ್ಟಲೂ ಬೇಡಿ. ತಾಯಿ ಮರಿಯನ್ನು ಹುಲ್ಲಲ್ಲಿ ಅಡಗಿಸಿ ಮೇಯಲು ಹೋಗಿರುತ್ತದೆ, ಮರಿ ಕದಲದೆ ಮಲಗಿರುವುದು ಅದಕ್ಕೇ. ನಾಯಿಗಳನ್ನು ಓಡಿಸಿ, ನೀವೂ ದೂರ ಸರಿಯಿರಿ. ಗಾಯವಾಗಿದ್ದರೆ ಅಥವಾ ತಾಯಿ ಸತ್ತದ್ದು ಖಚಿತವಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯಾದ್ದರಿಂದ ಮನೆಗೆ ತಂದು ಹಾಲು ಕುಡಿಸಿದರೂ ಅಪರಾಧವೇ.